ಎರಡು ಎಡದ ತೋಳುಗಳು

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಕತ್ರಿ ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದ ಹೆಂಗಸರು ಆ ಹೆಸರನ್ನು ನಂಬಿ, ಮೊಂಡಾದ ಕತ್ತರಿಗಳನ್ನು ಹಳೇ ಕಾಗದದಲ್ಲಿ ಸುತ್ತಿಕೊಂಡು ಅವನ ಬಾಗಿಲಿಗೆ ಬರುತ್ತಿದ್ದರು. "ಸ್ವಲ್ಪ ಸಾಣೆ ಹಿಡಿದು ಕೊಡ್ತೀರಾ?" ಅವನು ತೆಗೆದುಕೊಂಡು, ಸಾಣೆ ಹಿಡಿದು, ಒಂದು ಚಿಂದಿ ಕತ್ತರಿಸಿ ನೋಡಿ ಹಿಂದಕ್ಕೆ ಕೊಡುತ್ತಿದ್ದ. ಜನ್ಮದಲ್ಲಿ ಒಂದು ಕತ್ತರಿಯನ್ನೂ ಮಾಡಿದವನಲ್ಲ. ಆ ಹೆಸರು ಅಂಟಿಕೊಂಡದ್ದು ಅವನ ತಂಗಿ ಕಳೆದುಕೊಂಡ ಮೂರು ಬೆರಳಿನಿಂದ. ಹಳಬರಿಗೆಲ್ಲ ಅದು ಗೊತ್ತಿತ್ತು, ಆದ್ದರಿಂದ ಹಳಬರು ಯಾರೂ ಅವನ ಹತ್ತಿರ ಕತ್ತರಿ ತರುತ್ತಿರಲಿಲ್ಲ.

ಅವನು ನಿಜವಾಗಿ ಮಾಡುತ್ತಿದ್ದುದು ಸಾರೋಟಿನ ಟಾಪು ಹಿಡಿಯುವ ತೋಳು. ಕುದುರೆಗಾಡಿ ಓಡಾಡುತ್ತಿದ್ದ ಕಾಲದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಈಗ ಹೇಳದೆ ವಿಧಿಯಿಲ್ಲ. ಟಾಪು ಎಂದರೆ ಬಗ್ಗಿಸಿದ ಮೂರು ಮರದ ಕಮಾನು, ಅವುಗಳ ಮೇಲೆ ಎಳೆದು ಹೊಲಿದ ಚರ್ಮ. ಬಿಸಿಲಿಗೋ ಮಳೆಗೋ ಅದನ್ನು ಮೇಲೆತ್ತುತ್ತಾರೆ, ಬೇಡವೆಂದಾಗ ಹಿಂದಕ್ಕೆ ಮಡಚುತ್ತಾರೆ. ಎತ್ತಿದ್ದು ತಲೆಯ ಮೇಲೆ ಬೀಳದಂತೆ ಹಿಡಿಯುವುದು ಎಡಬಲದಲ್ಲಿರುವ ಎರಡು ಕಬ್ಬಿಣದ ತೋಳು. ಪ್ರತಿ ತೋಳಿಗೂ ನಡುವೆ ಒಂದು ಕೀಲು. ಕಾರ್ಖಾನೆಯಲ್ಲಿ ಅದಕ್ಕೆ ಮೊಣಕೈ ಎನ್ನುತ್ತಿದ್ದರು.

ತೋಳು ನೆಟ್ಟಗಾಯಿತು, ಕೆಲಸ ಮುಗಿಯಿತು ಎಂದುಕೊಳ್ಳುವವನು ಬೇಕಾದರೆ ಬಾಗಿಲಿನ ಅಗುಳಿ ಮಾಡಿಕೊಂಡಿರಲಿ. ನೆಟ್ಟಗಾದ ಮೇಲೂ ಮೊಣಕೈ ಇನ್ನೊಂದು ಬೆಂಕಿಕಡ್ಡಿಯ ದಪ್ಪದಷ್ಟು ಆ ಕಡೆಗೆ ಹೋಗಿ ಕೂರಬೇಕು. ಆಗ ಟಾಪಿನ ಭಾರ ಅದನ್ನು ಮಡಚುವ ಬದಲು ಇನ್ನಷ್ಟು ಬಿಗಿ ಮಾಡುತ್ತದೆ. ಕೂತಾಗ ಟಕ್ ಎಂದು ಸಣ್ಣ ಸದ್ದು ಬರುತ್ತದೆ. ಆ ಬೆಂಕಿಕಡ್ಡಿಯ ದಪ್ಪವನ್ನು ಅಳೆಯುವ ಸಾಧನ ಯಾವುದೂ ಅವನಲ್ಲಿರಲಿಲ್ಲ. ಅರದಿಂದ ಉಜ್ಜಿ, ಮಡಚಿ, ಬಿಚ್ಚಿ, ಕಿವಿ ಕೊಟ್ಟು ಕೇಳುತ್ತಿದ್ದ. ಟಕ್ ಎಂದರೆ ಗೋಡೆಯ ಮೊಳೆಗೆ, ಎನ್ನದಿದ್ದರೆ ಮತ್ತೆ ಅರಕ್ಕೆ.

ಇನ್ನೊಂದು ವಿಷಯ. ಗಾಡಿಯ ಮೈಗೆ ತಾಗದಿರಲೆಂದು ತೋಳಿಗೆ ಸ್ವಲ್ಪ ಹೊರಬಾಗು ಇರುತ್ತದೆ. ಎಡದ್ದು ಎಡಕ್ಕೆ ಬಾಗಿರುತ್ತದೆ, ಬಲದ್ದು ಬಲಕ್ಕೆ, ಚಪ್ಪಲಿ ಇದ್ದ ಹಾಗೆ. ಎಡದ್ದನ್ನು ಬಲಕ್ಕೆ ಹಾಕಲು ಬರುತ್ತದೆ, ದೂರದಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ, ಟಾಪು ನಿಲ್ಲುತ್ತದೆ ಕೂಡ. ಆದರೆ ಕೀಲು ಓರೆಯಾಗಿ ಬಿಗಿದುಕೊಂಡು, ನೆಟ್ಟಗಾಗುವಷ್ಟರಲ್ಲಿ ಸಿಕ್ಕಿ ನಿಂತುಬಿಡುತ್ತದೆ. ದಾಟಿ ಕೂರುವುದಿಲ್ಲ. ಚಕ್ರ ಒಂದು ಗುಂಡಿಗೆ ಇಳಿದರೆ ಸಾಕು, ಬಿದ್ದುಹೋಗುತ್ತದೆ. ಅದಕ್ಕೇ ಅವನು ಎಡದ ತೋಳಿನ ಒಳಮೈಗೆ ಉಳಿಯಿಂದ ಒಂದು ಗೀರು ಹಾಕುತ್ತಿದ್ದ, ಬಲದ್ದಕ್ಕೆ ಎರಡು. ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಸವರಿದರೂ ತಿಳಿಯಬೇಕು ಎಂದು ಆಳವಾಗಿಯೇ ಹಾಕುತ್ತಿದ್ದ.

ಪ್ರಾಯದಲ್ಲಿ ಅವನಿಗೊಂದು ಚಟವಿತ್ತು. ದಾರಿಯಲ್ಲಿ ಹೋಗುವ ಗಾಡಿಯನ್ನು ನಿಲ್ಲಿಸುವುದು. "ಏ ನಿಲ್ಲಿಸಯ್ಯಾ! ನಿನ್ನ ಬಲಗಡೆ ತೋಳು ಸರಿಯಾಗಿ ಕೂತಿಲ್ಲ. ಒಳಗೆ ಕೂತೋರ ತಲೆ ಒಡೀಬೇಕಾ?" ಗಾಡಿಯವನು ಬೈಯುತ್ತಿದ್ದ, ಒಳಗೆ ಕೂತ ದೊಡ್ಡ ಮನುಷ್ಯರು ಮೂಗು ಮುರಿಯುತ್ತಿದ್ದರು. ಇವನು ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ, ಅಂಗೈಯಿಂದ ಮೊಣಕೈಗೊಂದು ಏಟು ಕೊಟ್ಟು, ಟಕ್ ಎಂದದ್ದನ್ನು ಕೇಳಿಕೊಂಡೇ ಇಳಿಯುತ್ತಿದ್ದ. ತಪ್ಪಾಗಿ ಕೂತ ತೋಳನ್ನು ನೋಡಿಯೂ ನೋಡದವನ ಹಾಗೆ ಹೋಗುವುದು ಅವನ ಕೈಯಲ್ಲಿ ಆಗುತ್ತಿರಲಿಲ್ಲ.

ಕಾರ್ಖಾನೆ ಅಪ್ಪನದು. ಅಪ್ಪ ಹೋಗುವ ಮುಂಚೆ ಮೂವರು ಮಕ್ಕಳಿಗೆ ಮೂರು ಜಾಗ ತೋರಿಸಿದ್ದ. ಅಣ್ಣ ಮಾತಿನಮಲ್ಲ, ಅವನಿಗೆ ಮುಂದಿನ ಕೋಣೆ, ಮೇಜು, ಬಂದವರನ್ನು ಕೂರಿಸುವ ಕುರ್ಚಿ. ಇವನು ಹಿಂದಿನ ಕುಲುಮೆಗೆ. ತಂಗಿ ಎರಡರ ನಡುವಿನ ಉದ್ದನೆಯ ಕೋಣೆಯಲ್ಲಿ ಚರ್ಮ ಹೊಲಿಯುತ್ತಿದ್ದಳು. ಆ ಕೋಣೆಗೆ ಮೇಲಿನಿಂದ ಬೆಳಕು ಬೀಳುತ್ತಿತ್ತು, ನೆಲದ ತುಂಬ ಮೇಣದ ದಾರದ ತುಂಡುಗಳು. ಬೆರಳಗಲಕ್ಕೆ ಹನ್ನೊಂದು ಹೊಲಿಗೆ ಹಾಕುತ್ತಿದ್ದಳು, ಅಳತೆಗೋಲು ಮುಟ್ಟದೆ. ಇವನ ತೋಳುಗಳನ್ನು ಜೋಡಿ ಮಾಡಿ, ಗೀರು ಸವರಿ ನೋಡಿ, ಬಟ್ಟೆಯಲ್ಲಿ ಕಟ್ಟಿಡುತ್ತಿದ್ದವಳೂ ಅವಳೇ. ಇವನೂ ತಂಗಿಯೂ ಕೆಲಸ ಮಾಡುತ್ತಲೇ ಗೋಡೆಯ ಆ ಕಡೆ ಈ ಕಡೆಯಿಂದ ಕಿರುಚಾಡಿಕೊಂಡು ಮಾತಾಡುತ್ತಿದ್ದರು. ತಿದಿಯ ಸದ್ದಿಗಿಂತ ಇವರ ಗಂಟಲೇ ಹೆಚ್ಚಾಯಿತೆಂದು ಮುಂದಿನ ಕೋಣೆಯಿಂದ ದೊಡ್ಡಣ್ಣ ಗದರುತ್ತಿದ್ದ.

"ಚಿಕ್ಕಣ್ಣಾ, ಈ ತೋಳು ಕೆಮ್ಮುತ್ತೆ, ಟಕ್ ಅನ್ನಲ್ಲ."

"ನಿನ್ನ ಹೊಲಿಗೆ ಥರ ಅದಕ್ಕೂ ನೆಗಡಿ. ತಾ ಇಲ್ಲಿ."

ಇಂಥ ಮಾತೇ ದಿನವಿಡೀ. ಮುಂದೆ ಇಪ್ಪತ್ತಾರು ವರ್ಷ ಅವನು ಇದೇ ಮಾತುಗಳನ್ನು ತಿರುಗಿಸಿ ಮುರುಗಿಸಿ ನೆನೆಸಿಕೊಂಡ.

ಆ ದಿನ ಅವನು ಇದ್ದಿಲು ತರಲು ಊರಾಚೆಗೆ ಹೋಗಿದ್ದ. ಹೊಸ ಸಾರೋಟು ನೋಡಲು ಕೊಳ್ಳುವವರು ಹೇಳಿದ ದಿನಕ್ಕಿಂತ ಮುಂಚೆಯೇ ಬಂದುಬಿಟ್ಟಿದ್ದರು. ಅಣ್ಣ ಗಡಿಬಿಡಿಯಲ್ಲಿ ತಾನೇ ತೋಳು ಕೂರಿಸಿ, ಟಾಪು ಎತ್ತಿ, ಒಳಗಿನ ಹೊಲಿಗೆ ತೋರಿಸಲು ತಂಗಿಯನ್ನು ಗಾಡಿಯಲ್ಲಿ ಕೂರಿಸಿ, ಕುದುರೆಯನ್ನು ಅಂಗಳದಿಂದ ಬೀದಿಗೆ ಹೊರಡಿಸಿದ. ಗೇಟಿನ ಹೊಸ್ತಿಲ ಕಲ್ಲಿನ ಮೇಲೆ ಚಕ್ರ ಹತ್ತಿ ದಡಕ್ಕೆಂದು ಇಳಿಯಿತು. ತಂಗಿಯ ಬಲಗೈ ಬಲಗಡೆ ತೋಳಿನ ಮೇಲಿತ್ತು. ಟಾಪು ಕುಸಿಯಿತು, ಮೊಣಕೈ ಮಡಚಿಕೊಂಡಿತು, ನಡುವೆ ಸಿಕ್ಕ ಮೂರು ಬೆರಳು ಹೋದವು.

ಇವನು ಇದ್ದಿಲ ಮೂಟೆ ಇಳಿಸುವ ಹೊತ್ತಿಗೆ ಅಂಗಳ ತೊಳೆದಾಗಿತ್ತು. ಗಾಡಿಯ ಮೇಲೆ ಟಾಪೂ ಇರಲಿಲ್ಲ, ತೋಳೂ ಇರಲಿಲ್ಲ. ಅಣ್ಣ ಗೇಟಿನ ಹತ್ತಿರ ನಿಂತು, ಸೇರಿದ ಜನರ ಮುಂದೆಯೇ ಹೇಳಿದ:

"ನೀನು ಮಾಡಿದ ಮೊಣಕೈ ಮುರಿದುಬಿತ್ತು. ನಿನ್ನ ತಂಗಿ ಕೈ ತಿಂದುಬಿಟ್ಟೆಯಲ್ಲೋ."

"ಮುರೀತಾ? ಎಲ್ಲಿ, ತೋರಿಸು."

"ಆ ದರಿದ್ರ ಇನ್ನು ಈ ಮನೆಯಲ್ಲಿ ಬೇಡ ಅಂತ ಎಸೆದೆ."

ಎಸೆದದ್ದು ಅದೊಂದನ್ನೇ ಅಲ್ಲ. ಗೋಡೆಯ ಮೊಳೆಗಳಲ್ಲಿ ತೂಗುತ್ತಿದ್ದ ಜೋಡಿಗಳನ್ನೆಲ್ಲ, ಬಣ್ಣ ಒಣಗಲು ಇಟ್ಟಿದ್ದವನ್ನೂ ಸೇರಿಸಿ, ಅಣ್ಣ ಅಂದೇ ಗುಜರಿಗೆ ಹಾಕಿಸಿದ್ದ. ತಂಗಿಯ ಮೇಲಿನ ಪ್ರೀತಿ, ಪಾಪ, ಸಂಕಟ ತಡೆಯಲಾರದೆ ಹೀಗೆ ಮಾಡಿದ ಎಂದು ಬೀದಿಯವರು ಕಣ್ಣೊರೆಸಿಕೊಂಡರು. ತಪ್ಪನ್ನು ಬೇರೆಯವರ ತಲೆಗೆ ಕಟ್ಟುವವರನ್ನು ಎಷ್ಟೋ ಜನರನ್ನು ನೋಡಿದ್ದೇವೆ, ಆದರೆ ಹೀಗೆ ಕಣ್ಣೀರು ಹಾಕಿಸಿಕೊಂಡು ಗೂಬೆ ಕೂರಿಸಿದವರು ಅಪರೂಪ. ವಾರ ಕಳೆಯುವುದರೊಳಗೆ ಇವನ ಹೆಸರು ಕತ್ರಿ ಎಂದಾಯಿತು. ಗಾಡಿ ನಿಲ್ಲಿಸಲು ಹೋದರೆ ಗಾಡಿಯವರು ನಗುತ್ತಿದ್ದರು. "ನಮಗೆ ಹೇಳೋಕೆ ಮುಂಚೆ ನಿನ್ನ ತಂಗಿಗೆ ಹೇಳಬೇಕಿತ್ತು." ಆದರೂ ಅವನು ನಿಲ್ಲಿಸುತ್ತಲೇ ಇದ್ದ.

ತಂಗಿ ಅವನ ಜೊತೆ ಮಾತು ಬಿಟ್ಟಳು. ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚುವ ಮುಂಚೆ ಒಂದು ಸಲ ಹೋಗಿ ಹಾಸಿಗೆಯ ಪಕ್ಕ ಕೂತಿದ್ದ. "ಏನಾಯ್ತು ಹೇಳು. ಎಲ್ಲಿ ಮುರೀತು? ಕೀಲಿನ ಹತ್ರನಾ, ಕೆಳಗಾ?" ಅವಳು ಗೋಡೆಯ ಕಡೆ ಹೊರಳಿದಳು. ಆಮೇಲೆ ಎಷ್ಟು ಸಲ ಹೋದರೂ ಅಷ್ಟೇ. ಬೀದಿಯಲ್ಲಿ ಎದುರಾದರೆ ಬಲಗೈಯನ್ನು ಬೆನ್ನ ಹಿಂದೆ ಮಾಡಿಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದಳು. ನನ್ನ ಮುಖ ನೋಡಿದರೆ ಅವಳಿಗೆ ಬೆರಳು ನೆನಪಾಗುತ್ತದೆ ಎಂದುಕೊಂಡು ಇವನೇ ಬೀದಿಯ ಇನ್ನೊಂದು ಬದಿಗೆ ಹೋಗಲು ಕಲಿತ. ಅವಳನ್ನು ಕೇಳಿಕೊಂಡು ಬಂದಿದ್ದ ಸಂಬಂಧದವರು ಆ ಕಡೆ ಮತ್ತೆ ತಲೆ ಹಾಕಲಿಲ್ಲ. ಅಣ್ಣ ಅವಳಿಗೆ ಹಿತ್ತಿಲ ಕಡೆಯ ಕೋಣೆ ಕೊಟ್ಟು, ಕೊನೆಯವರೆಗೂ ನೋಡಿಕೊಳ್ಳುತ್ತೇನೆ ಎಂದು ನಾಲ್ಕು ಜನರ ಮುಂದೆ ಹೇಳಿದ. ನಾಲ್ಕು ಜನ ಹೊಗಳಿದರು.

ಕಾರ್ಖಾನೆಗೆ ಬೇರೆ ಕಡೆಯಿಂದ ತಯಾರಾದ ತೋಳು ತರಿಸಲಾಯಿತು. ಇವನು ಕಾರ್ಖಾನೆ ಬಿಟ್ಟು, ಹೆಂಡತಿಯೊಂದಿಗೆ ಎರಡು ಬೀದಿಯಾಚೆ ಹೋಗಿ, ಒಂದೇ ಕೋಣೆಯ ಮನೆಯ ಮುಂದೆ ತಗಡು ಹೊದಿಸಿ, ಸಣ್ಣ ಕುಲುಮೆ ಹೂಡಿ, ಬಾಗಿಲಿನ ಬಿಜಾಗರಿ, ಅಗುಳಿ, ಬಕೆಟ್ಟಿನ ಹಿಡಿ ಮಾಡಿಕೊಂಡು ಬದುಕಿದ. ಯಾವ ಕೆಲಸವನ್ನು ಲಾಯಕ್ಕಿಲ್ಲದವರು ಮಾಡಲಿ ಎನ್ನುತ್ತಿದ್ದನೋ ಅದೇ ಕೆಲಸ.

ಆದರೆ ಒಳಗೆ ಹುಳ ಕೊರೆಯುತ್ತಿತ್ತು. ನನ್ನ ಮೊಣಕೈ ಮುರಿಯಿತೇ? ಹೇಗೆ ಮುರಿಯಿತು? ಹೊಟ್ಟೆಪಾಡಿನ ಕೆಲಸ ಮುಗಿದ ಮೇಲೆ ಅವನು ಅದೇ ಅಳತೆಯ, ಅದೇ ಕಬ್ಬಿಣದ ತೋಳು ಮಾಡಿ, ತೊಲೆಗೆ ಕಟ್ಟಿ, ಮರಳಿನ ಚೀಲ ತೂಗುಹಾಕಿ ಮುರಿಯಲು ನೋಡುತ್ತಿದ್ದ. ಒಂದು ಚೀಲ, ಎರಡು ಚೀಲ, ನಾಲ್ಕು. ಒಮ್ಮೆ ತೊಲೆಯೇ ಬಿರುಕು ಬಿಟ್ಟಿತು, ತೋಳು ಬಿಡಲಿಲ್ಲ. ಇನ್ನೊಂದು ಮಾಡಿದ. ವರ್ಷಗಟ್ಟಲೆ ಮಾಡಿದ. ತನ್ನ ಕೈಕೆಲಸ ಮುರಿಯಲಿ ಎಂದು ಬೇಡಿಕೊಂಡ ಕಮ್ಮಾರ ಅವನೊಬ್ಬನೇ ಇರಬೇಕು. ಮುರಿದಿದ್ದರೆ ಕಾರಣವಾದರೂ ಸಿಗುತ್ತಿತ್ತು, ಅದನ್ನು ತಂಗಿಯ ಮುಂದಿಟ್ಟು ಇಲ್ಲಿ ತಪ್ಪಿದೆನಮ್ಮ ಎಂದು ಹೇಳಿ ಅವಳ ಬಾಯಿಂದ ಒಂದು ಮಾತು ಕೇಳಬಹುದಿತ್ತು.

"ನಿಮ್ಮ ತಂಗಿ ನಿಮ್ಮ ಜೊತೆ ಮಾತು ಬಿಟ್ಟಳು, ಸರಿ," ಎಂದಳು ಹೆಂಡತಿ ಒಂದು ದಿನ, ಕೋಣೆಯ ಅರ್ಧ ತುಂಬಿದ್ದ ಕಬ್ಬಿಣದ ರಾಶಿಯನ್ನು ಕಾಲಿನಿಂದ ಸರಿಸುತ್ತ. "ನೀವು ನನ್ನ ಜೊತೆ ಯಾಕೆ ಬಿಟ್ಟಿರಿ? ಇದ್ಯಾವ ನ್ಯಾಯ?"

ಅವನು ಇನ್ನೊಂದು ಮರಳಿನ ಚೀಲ ತೂಗುಹಾಕಿದ. ಅವಳು ಸಾಯುವವರೆಗೂ ತೂಗುಹಾಕುತ್ತಲೇ ಇದ್ದ.

ಕುದುರೆಗಳು ಒಂದೊಂದಾಗಿ ಬೀದಿಯಿಂದ ಮಾಯವಾದವು. ಅಣ್ಣನ ಮಗ ದೊಡ್ಡವನಾಗಿ, ಕಾರ್ಖಾನೆಯ ಹೆಸರು ಹಾಗೇ ಇಟ್ಟುಕೊಂಡು, ಮೋಟಾರು ಗಾಡಿಗಳಿಗೆ ಮೈ ಕಟ್ಟುವ ಕೆಲಸಕ್ಕಿಳಿದ. ಅಣ್ಣ ಎದೆನೋವಿನಿಂದ ಹೋದ. ಇವನು ಹೋಗಿ ಬಾಗಿಲಲ್ಲಿ ನಿಂತು ಬಂದ. ಅಣ್ಣ ಸತ್ತು ಮೂರು ತಿಂಗಳಿಗೆ ಮಗ ಬಂದು, ತಗಡಿನ ಕೆಳಗೆ ತಲೆ ಬಗ್ಗಿಸಿ ನಿಂತುಕೊಂಡ.

"ಚಿಕ್ಕಪ್ಪ, ಒಂದು ಕೆಲಸ ಇದೆ. ನಿಮ್ಮನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ. ಶವ ಸಾಗಿಸೋ ಗಾಡಿ, ಎರಡು. ಅದರ ಪಕ್ಕದಲ್ಲಿ ಹಳೇ ಸಾರೋಟಿಗೆ ಇರ್ತಿತ್ತಲ್ಲ, ಆ ತೋಳು ಬೇಕಂತೆ. ಗಂಭೀರವಾಗಿ ಕಾಣುತ್ತಂತೆ."

"ಟಾಪು ಮಡಚುತ್ತಾ?"

"ಇಲ್ಲಪ್ಪ. ಗಟ್ಟಿ ತಗಡಿನ ಚಾವಣಿ."

"ಮತ್ತೆ ತೋಳು ಏನು ಹಿಡಿಯುತ್ತೆ?"

"ಏನೂ ಹಿಡಿಯಲ್ಲ. ಅಲಂಕಾರ. ನಡುವೆ ಕೀಲೂ ಬೇಡ, ಕೀಲಿನ ಹಾಗೆ ಕಾಣೋ ಒಂದು ಗುಂಡನೆ ಗುಬ್ಬಿ ಮೊಳೆ ಇದ್ರೆ ಸಾಕು. ಮುಂದೆ ಮಿರಿಮಿರಿ ಅಂತಿರಲಿ, ಹಿಂದೆ ಚಪ್ಪಟೆ, ಸ್ಕ್ರೂ ಹೊಡೀತೀನಿ." ಹುಡುಗ ಕಂಕುಳಲ್ಲಿದ್ದ ಗಂಟನ್ನು ಕುಲುಮೆಯ ಅಡೆಗಲ್ಲಿನ ಮೇಲಿಟ್ಟ. "ಮಾದರಿಗೆ ಅಂತ ತಂದೆ. ಅಪ್ಪನ ಬೀರುವಿನ ಕೆಳಗಿನ ಖಾನೆಯಲ್ಲಿತ್ತು, ಬೀಗ ಹಾಕಿಟ್ಟಿದ್ರು. ಎಷ್ಟು ಚೆನ್ನಾಗಿ ಎಣ್ಣೆ ಹಚ್ಚಿ ಇಟ್ಟಿದ್ದಾರೆ ನೋಡಿ. ಅಪ್ಪನಿಗೆ ನಿಮ್ಮ ಕೆಲಸ ಅಂದ್ರೆ ಅಷ್ಟು ಅಭಿಮಾನ."

ಹುಡುಗ ಹೋದ ಮೇಲೆ ಅವನು ಗಂಟು ಬಿಚ್ಚಿದ. ಎಣ್ಣೆಯಲ್ಲಿ ನೆನೆದ ಬಟ್ಟೆ, ಒಳಗೆ ಎರಡು ತೋಳು. ತನ್ನದೇ. ಸ್ವಂತ ಮಗುವನ್ನು ಗುರುತಿಸಲು ಯಾರೂ ಮಚ್ಚೆ ನೋಡುವುದಿಲ್ಲ, ಆದರೂ ಹೆಬ್ಬೆರಳು ತಾನಾಗಿ ಒಳಮೈಯನ್ನು ಸವರಿತು. ಒಂದು ಗೀರು. ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡ. ಒಂದು ಗೀರು.

ಮತ್ತೆ ಸವರಿದ. ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದ. ಎರಡೂ ಎಡದ್ದೇ. ಎರಡನೆಯದರ ಕೀಲಿನೊಳಗೆ ಓರೆಯಾಗಿ ಉಜ್ಜಿದ ಹೊಳಪಿನ ಗೆರೆಯಿತ್ತು. ಬಲಗಡೆಗೆ ಬಲವಂತವಾಗಿ ಕೂರಿಸಿ ಬಿಗಿದವರು ಬಿಟ್ಟ ಗುರುತು. ಮುರಿದಿರಲಿಲ್ಲ. ಎಲ್ಲಿಯೂ ಒಂದು ಬಿರುಕಿರಲಿಲ್ಲ. ಕೈಯಲ್ಲಿ ಹಿಡಿದು ಮಡಚಿ ಬಿಚ್ಚಿದ. ಇಪ್ಪತ್ತಾರು ವರ್ಷದ ಮೇಲೂ ಟಕ್ ಎಂದಿತು.

ಅವನಿಗೆ ಮೊದಲು ಬಂದದ್ದು ಕೋಪವಲ್ಲ, ಸಂತೋಷ. ಕುಲುಮೆಯ ಬೆಂಕಿಯನ್ನೂ ಆರಿಸದೆ, ಮೈಮೇಲಿನ ಮಸಿಯನ್ನೂ ತೊಳೆಯದೆ, ತೋಳುಗಳನ್ನು ಎದೆಗವಚಿಕೊಂಡು ಅವನು ಅಣ್ಣನ ಮನೆಯ ಹಿತ್ತಿಲ ಕಡೆಗೆ ಹೊರಟ. ಅರವತ್ತು ದಾಟಿದವನು ಹೆಚ್ಚುಕಡಿಮೆ ಓಡುತ್ತಿದ್ದ. ಇನ್ನು ಅವಳಿಗೆ ಗೊತ್ತಾಗುತ್ತದೆ, ಇನ್ನು ಅವಳು ಮಾತಾಡುತ್ತಾಳೆ. ಇದಕ್ಕಿಂತ ಬೇರೆ ಯಾವುದೂ ತಲೆಯಲ್ಲಿರಲಿಲ್ಲ.

ತಂಗಿಯ ಕೋಣೆಯಲ್ಲಿ ಒಂದು ಮಂಚ, ಒಂದು ಪೆಟ್ಟಿಗೆ, ಕಿಟಕಿಯ ಹತ್ತಿರ ಒಂದು ಮಣೆ. ಅವಳು ಮಣೆಯ ಮೇಲೆ ಕೂತು ಮನೆಯವರ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ಬಟ್ಟೆಯನ್ನು ಬಲ ಮೊಣಕಾಲಿಗೆ ಒತ್ತಿ ಹಿಡಿದು ಎಡಗೈಯಲ್ಲಿ ಸೂಜಿ ನಡೆಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನು ತೋಳುಗಳನ್ನು ಅವಳ ಮುಂದೆ ನೆಲದ ಮೇಲಿಟ್ಟ.

"ನೋಡು," ಎಂದ. ಉಸಿರು ಹತ್ತಿಬಂದಿತ್ತು. "ಮುರಿದಿರಲಿಲ್ಲ. ನಂದು ಮುರಿದೇ ಇರಲಿಲ್ಲ. ಸವರಿ ನೋಡು, ಎರಡೂ ಎಡದ್ದೇ. ಅಣ್ಣ ಬಲಗಡೆಗೂ ಎಡದ್ದನ್ನೇ ಹಾಕಿದ್ದ."

ಅವಳು ತೋಳುಗಳನ್ನು ಮುಟ್ಟಲಿಲ್ಲ. ಸೂಜಿಯನ್ನು ಮೊಣಕಾಲ ಮೇಲಿನ ಅಂಗಿಗೆ ಚುಚ್ಚಿಟ್ಟಳು.

"ಗೊತ್ತು ಚಿಕ್ಕಣ್ಣ."

ಇಪ್ಪತ್ತಾರು ವರ್ಷದಲ್ಲಿ ಅವಳು ಅವನಿಗೆ ಆಡಿದ ಮೊದಲ ಮಾತು. ಅವನಿಗೆ ದನಿ ಕೇಳಿಸಿತು, ಮಾತು ತಲುಪಲು ಸ್ವಲ್ಪ ಹೊತ್ತು ಹಿಡಿಯಿತು.

"ಗೊತ್ತು ಅಂದ್ರೆ? ಯಾವಾಗಿಂದ?"

"ಆವತ್ತಿಂದ. ಗಾಡಿ ಹತ್ತೋಕೆ ಮುಂಚೆನೇ ಗೊತ್ತಿತ್ತು. ದೊಡ್ಡಣ್ಣ ಮೊಳೆಯಿಂದ ತೆಗೀತಿದ್ದಾಗ ಅಲ್ಲೇ ಇದ್ದೆ. ಅದೂ ಎಡದ್ದೇ ಕಣೋ ಅಂದೆ. ಬಲದ್ದರ ಬಣ್ಣ ಒಣಗಿಲ್ಲ, ತೋರಿಸೋಕೆ ತಾನೇ, ನಾಳೆ ಬದಲಾಯಿಸ್ತೀನಿ, ನೀನು ಹತ್ತು ಅಂದ. ಹತ್ತಿದೆ."

ಅವನು ಮಂಚದ ಅಂಚಿನ ಮೇಲೆ ಕೂತ. ಮಸಿಗೈ ಹಾಸಿಗೆಗೆ ತಾಗಿದ್ದು ನೋಡಿ ಎತ್ತಿಕೊಂಡ.

"ಕೈಗೆ ಬಟ್ಟೆ ಕಟ್ಟಿದ ದಿನವೇ ದೊಡ್ಡಣ್ಣ ಬಂದು ನನ್ನ ಕಾಲು ಹಿಡ್ಕೊಂಡ," ಎಂದಳು ತಂಗಿ. ಯಾರದೋ ಮನೆಯ ವಿಷಯ ಹೇಳುವವಳ ಹಾಗೆ ಹೇಳುತ್ತಿದ್ದಳು. "ಯಜಮಾನನೇ ತಪ್ಪು ತೋಳು ಹಾಕಿದ ಅಂತ ಹೊರಗೆ ಬಂದ್ರೆ ಒಬ್ಬರೂ ಗಾಡಿ ಮಾಡಿಸಲ್ಲ, ಎಲ್ಲರೂ ಮುಳುಗ್ತೀವಿ ಅಂದ. ಬದುಕಿರೋವರೆಗೂ ನಿನ್ನನ್ನ ನೋಡ್ಕೋತೀನಿ ಅಂದ. ನೋಡ್ಕೊಂಡ, ಮಾತು ತಪ್ಪಲಿಲ್ಲ. ಈ ತೋಳುಗಳನ್ನ ಎಸೆಯೋಕೆ ಮಾತ್ರ ಅವನ ಕೈಯಲ್ಲಿ ಆಗಲಿಲ್ಲ. ವರ್ಷಕ್ಕೊಂದು ಸಲ ಬಾಗಿಲು ಹಾಕ್ಕೊಂಡು ಎಣ್ಣೆ ಹಚ್ಚುತ್ತಿದ್ದ. ಬಟ್ಟೆ ಕೇಳಿದ್ರೆ ನಾನೇ ಹರಿದು ಕೊಡ್ತಿದ್ದೆ."

"ಮತ್ತೆ ನಾನು?"

"ನಿನಗೆ ಎರಡು ಕೈ ಇತ್ತು. ಕುಲುಮೆ ಇತ್ತು. ನನಗೇನಿತ್ತು ಹೇಳು? ಅವನ ಮೇಲೆ ಹೇಳಿ ಎಲ್ಲಿಗೆ ಹೋಗ್ತಿದ್ದೆ, ನಿನ್ನ ಒಂದು ಕೋಣೆಗಾ?"

"ಬಂದಿದ್ರೆ ಏನಾಗ್ತಿತ್ತು?" ಎಂದು ಅವನು ಗಟ್ಟಿಯಾಗಿ ಕೇಳಿದ. ಮರುಕ್ಷಣವೇ ದನಿ ತಗ್ಗಿಸಿದ. "ಹೋಗಲಿ. ನನಗೊಬ್ಬನಿಗೆ ಹೇಳಬಹುದಿತ್ತಲ್ಲ. ಬೀದಿಯವರು ಏನಾದ್ರೂ ಅಂದ್ಕೊಳ್ಳಲಿ. ನನಗೊಬ್ಬನಿಗೆ."

"ನಿನಗೆ ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ದಾರಿಯಲ್ಲಿ ಹೋಗೋ ಗಾಡಿ ನಿಲ್ಲಿಸಿ ಹೇಳೋನು ನೀನು." ಅವಳು ಬಲಗೈಯನ್ನು ಅಂಗಿಯ ಕೆಳಗೆ ಸೇರಿಸಿದಳು. "ನಿನ್ನ ಹತ್ರ ಮಾತಾಡಿದ್ರೆ ಹೇಳಿಬಿಡ್ತಿದ್ದೆ. ಅದಕ್ಕೇ ಮಾತು ಬಿಟ್ಟೆ."

ಅವಳು ಬೇರೆ ಯಾವ ಕಾರಣ ಹೇಳಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ನೀನೆಂದರೆ ಅಸಹ್ಯ ಎಂದಿದ್ದರೂ ತಡೆದುಕೊಳ್ಳುತ್ತಿದ್ದ, ಅದಕ್ಕೆ ಅವನು ಇಪ್ಪತ್ತಾರು ವರ್ಷ ತಯಾರಾಗಿದ್ದ. ತೊಲೆಗೆ ಕಟ್ಟಿದ ಮರಳಿನ ಚೀಲಗಳು ನೆನಪಾದವು. ಹೆಂಡತಿ ನೆನಪಾದಳು. ಒಬ್ಬನನ್ನು ಹೀಗೆ ಬೆಂಕಿಯಲ್ಲಿಟ್ಟು, ಅದೂ ಅವನ ಮೇಲಿನ ಸಲಿಗೆಯಿಂದ ಇಟ್ಟೆ ಎಂದು ಹೇಳುವವರ ಮೇಲೆ ಕೋಪ ಮಾಡಿಕೊಳ್ಳುವುದಾದರೂ ಹೇಗೆ?

"ಈಗ ಹೇಳ್ತೀಯಾ?" ಎಂದು ಕೇಳಿದ. "ಅವನಿಲ್ಲ ಈಗ. ಹುಡುಗನ ಮುಂದೆ ಒಂದು ಸಲ, ಬೀದಿಯ ಹಳಬರು ನಾಲ್ಕು ಜನ ಇನ್ನೂ ಇದ್ದಾರೆ, ಅವರ ಮುಂದೆ ಒಂದು ಸಲ. ನಾನು ಸಾಯೋ ಮುಂಚೆ ಆ ಹೆಸರು ಹೋಗಲಿ."

ಅವಳು ಕೋಣೆಯ ಸುತ್ತ ನೋಡಿದಳು. ಮಂಚ, ಪೆಟ್ಟಿಗೆ, ಕಿಟಕಿ.

"ಇದು ಈಗ ಆ ಹುಡುಗನ ಮನೆ ಚಿಕ್ಕಣ್ಣ. ಅವನ ಅಪ್ಪನ ಮೇಲೆ ಹೇಳಲ್ಲ ನಾನು."

ಅವನು ಎದ್ದ. ತೋಳುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ ದಾರಿಯಲ್ಲೇ ಮರಳಿದ.

ಶವದ ಗಾಡಿಗೆ ತೋಳು ಮಾಡುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ತೆಳು ಪಟ್ಟಿ ಕತ್ತರಿಸಿ, ಹಾವಿನ ಹಾಗೆ ಬಳುಕಿಸಿ, ಮುಂದಿನ ಮೈಯನ್ನು ಮುಖ ಕಾಣುವಷ್ಟು ಉಜ್ಜಿ, ನಡುವೆ ಏನನ್ನೂ ಮಡಚದ ಗುಬ್ಬಿಯೊಂದನ್ನು ಕೂರಿಸಿದ. ಎರಡು ಗಾಡಿಗೆ ಎರಡು ಜೋಡಿ. ಕೈಗೆ ರೂಢಿಯಾಗಿತ್ತಲ್ಲ, ಹಿಂದಿನ ಚಪ್ಪಟೆ ಮೈಗೆ ಗೀರು ಹಾಕಿದ. ಎಡದ್ದಕ್ಕೆ ಒಂದು, ಬಲದ್ದಕ್ಕೆ ಎರಡು. ಬಟ್ಟೆಯಲ್ಲಿ ಜೋಡಿ ಮಾಡಿ ಕಟ್ಟಿದ. ಹುಡುಗ ಬಂದು ಬಿಚ್ಚಿ, ವಾಹ್ ಚಿಕ್ಕಪ್ಪ ಎಂದು ನಾಲ್ಕನ್ನೂ ಒಂದೇ ಚೀಲಕ್ಕೆ ಸುರಿದುಕೊಂಡು ಹೋದ.

ಮೊದಲ ಗಾಡಿ ತಯಾರಾದ ದಿನ ಹುಡುಗ ಅವನನ್ನು ಕರೆಸಿದ. ಕಾರ್ಖಾನೆಯ ಅಂಗಳದಲ್ಲಿ ಮನೆಯವರು, ಕೆಲಸದವರು, ಬೀದಿಯ ನಾಲ್ಕಾರು ಮಂದಿ ಸೇರಿದ್ದರು. ಕಪ್ಪು ಗಾಡಿ ಹೊಳೆಯುತ್ತ ನಿಂತಿತ್ತು. ತಂಗಿ ಗೇಟಿನ ಒಳಗೆ, ಆ ಹಳೇ ಹೊಸ್ತಿಲ ಕಲ್ಲಿನ ಹತ್ತಿರ ನಿಂತಿದ್ದಳು. ಅವನು ಎಡಗಡೆಯಿಂದ ನೋಡುತ್ತ ಬಂದ. ಸರಿಯಿತ್ತು. ಸುತ್ತಿಕೊಂಡು ಬಲಗಡೆಗೆ ಬಂದ. ಅಲ್ಲಿ ತೋಳು ಮುಂದಕ್ಕೆ ಬಳುಕುವ ಬದಲು ಹಿಂದಕ್ಕೆ ಬಳುಕಿತ್ತು. ಹುಡುಗ ಚೀಲದಿಂದ ಕೈಗೆ ಸಿಕ್ಕಿದ ಎರಡನ್ನು ತೆಗೆದು ಸ್ಕ್ರೂ ಹೊಡೆದಿದ್ದ. ಗೀರು ಹಾಕಿದ ಬೆನ್ನು ಕಾಣುತ್ತಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ.

ಅವನ ಬಲಗೈ ತಾನಾಗಿ ಮೇಲೆದ್ದಿತು. ಏ ನಿಲ್ಲಿಸು ಎನ್ನಲು ಬಾಯಿಯೂ ತೆರೆದಿತ್ತು. ಆಗ ತಂಗಿ ಅವನ ಪಕ್ಕಕ್ಕೆ ಬಂದು ನಿಂತಳು. ಅಷ್ಟು ಜನರ ಎದುರಿಗೆ, ಇಪ್ಪತ್ತಾರು ವರ್ಷದ ಮೇಲೆ, ಅವನ ತೋಳು ಮುಟ್ಟಿ ಮೆಲ್ಲಗೆ ಹೇಳಿದಳು:

"ಎರಡೂ ಎಡದ್ದೇ ಹಾಕಿದಾನೆ ಚಿಕ್ಕಣ್ಣ. ಹೇಳಬಾರದಾ ಅವನಿಗೆ?"

ಬೀದಿಯ ಹಳಬನೊಬ್ಬ ಇವರಿಬ್ಬರನ್ನು ಬೆಪ್ಪಾಗಿ ನೋಡುತ್ತಿದ್ದ. ಇವನು ಎತ್ತಿದ ಕೈಯನ್ನು ಇಳಿಸಿದ.

"ನೀನೂ ನೋಡಿದೆಯಲ್ಲ," ಎಂದ. "ನೀನೇ ಹೇಳು."

ಅವಳು ಹುಡುಗನ ಕಡೆ ನೋಡಿದಳು. ಹುಡುಗ ಬಟ್ಟೆಯಿಂದ ಗಾಜು ಒರೆಸುತ್ತ ನಗುತ್ತಿದ್ದ. ಅವಳ ತುಟಿ ಅಲುಗಿತು. ಇವನು ಕಾಯುತ್ತ ನಿಂತ. ಹುಡುಗ ಗಾಜು ಒರೆಸಿ ಮುಗಿಸಿದ, ಬಾಗಿಲು ಹಾಕಿದ, ಗಾಡಿ ಹತ್ತಿದ. ಕಪ್ಪು ಗಾಡಿ ಹೊಸ್ತಿಲ ಕಲ್ಲಿನ ಮೇಲೆ ದಡಕ್ಕೆಂದು ಹತ್ತಿ ಇಳಿಯಿತು. ಏನೂ ಬೀಳಲಿಲ್ಲ. ತಂಗಿ ಬಲಗೈಯನ್ನು ಬೆನ್ನ ಹಿಂದೆ ಮಾಡಿಕೊಂಡು ಹಿತ್ತಿಲ ಕಡೆಗೆ ಹೋದಳು.

ಎರಡನೆಯ ಗಾಡಿಗೆ ಉಳಿದ ಎರಡು ಬಲದ ತೋಳುಗಳೇ ಬಿದ್ದವು. ಎರಡು ಗಾಡಿಗಳೂ ಊರಿನಲ್ಲಿ ಈಗಲೂ ಓಡಾಡುತ್ತಿವೆ. ಯಾರೂ ಇದುವರೆಗೆ ಕೇಳಿಲ್ಲ. ಅವು ತಗಡಿನ ಮುಂದೆ ಹಾದುಹೋಗುವಾಗ ಕತ್ರಿ ತಲೆಯೆತ್ತುವುದಿಲ್ಲ, ಯಾರೋ ತಂದುಕೊಟ್ಟ ಕತ್ತರಿಗೆ ಸಾಣೆ ಹಿಡಿಯುತ್ತಿರುತ್ತಾನೆ.